ಬಾವಿ, ಮೋರಿ, ಲಸಿಕೆ: ಬೀದರ್ ಸೀಮೆಯ ಸಾರ್ವಜನಿಕ ಆರೋಗ್ಯದ ಹಿನ್ನೋಟ

ಬೀದರ್ ನಗರ ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿ. ಈ ಕೆಂಪು ಕಲ್ಲಿನ ಮೈಯೆಲ್ಲ ತೂತು. ಮೇಲೆ ಬಿದ್ದ ಮಳೆನೀರು ಅದರೊಳಗೆ ಇಳಿಯುತ್ತ ಹೋಗಿ, ಕೆಳಗಿನ ಕರಿಕಲ್ಲಿನ ಪದರ ಸಿಕ್ಕಲ್ಲಿ ತಡೆದು ನಿಂತು, ಗುಡ್ಡದ ಅಂಚಿನಲ್ಲಿ ಒರತೆಯಾಗಿ ಹೊರಬೀಳುತ್ತದೆ. ನಾನಕ್ ಝೀರಾ, ಪಾಪನಾಶ, ನರಸಿಂಹ ಝರಣಿಗಳ ನೀರಿನ ಗುಟ್ಟು ಇದೇ. ನೀರು ಕೊಡುವ ಈ ಕಲ್ಲು ಪಾಯಿಖಾನೆ ಗುಂಡಿಯ ಕೊಳೆಯನ್ನೂ ಅಷ್ಟೇ ಸಲೀಸಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಉತ್ತರಕ್ಕೆ ಮಾಂಜ್ರಾ ನದಿಯ ಕಡೆ ಇಳಿದು ಭಾಲ್ಕಿ, ಔರಾದ ತಾಲೂಕುಗಳಿಗೆ ಬಂದರೆ ಎರೆಮಣ್ಣು ಹೆಚ್ಚು. ಅಲ್ಲಿ ನೀರು ಬೇಗ ಇಂಗುವುದಿಲ್ಲ. ಬೀದರಿನ ಕೊಳೆ ಕಣ್ಣಿಗೆ ಕಾಣದೆ ಬಾವಿಗೆ ಇಳಿದರೆ, ಔರಾದದ್ದು ಮಳೆಗಾಲದುದ್ದಕ್ಕೂ ಓಣಿಯಲ್ಲೇ ನಿಲ್ಲುತ್ತದೆ. ಈ ಸೀಮೆಯನ್ನು ಯಾರೇ ಆಳಿರಲಿ, ಊರಿನ ಆರೋಗ್ಯ ನೋಡಿಕೊಳ್ಳುವವರ ದಿನದ ಕೆಲಸ ಈ ಎರಡು ನೆಲಗಳ ಸ್ವಭಾವಕ್ಕೆ ಕಟ್ಟುಬಿದ್ದೇ ನಡೆದಿದೆ.

ಬಹಮನಿ ಅರಸ ಅಹ್ಮದ್ ಶಾ 15ನೇ ಶತಮಾನದ ಮೊದಲರ್ಧದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದಾಗ ಮೊದಲು ಎದುರಾದದ್ದೇ ನೀರಿನ ಪ್ರಶ್ನೆ. ಪರ್ಷಿಯಾದ ಕಡೆಯ ವಿದ್ಯೆ ಆಗ ನೆರವಿಗೆ ಬಂತು. ನೆಲದೊಳಗೆ ಇಳಿಜಾರಾಗಿ ಸುರಂಗ ಕೊರೆದು, ಅಲ್ಲಲ್ಲಿ ಗಾಳಿ-ಬೆಳಕಿಗೂ ಹೂಳೆತ್ತುವುದಕ್ಕೂ ನೇರ ಬಾವಿಗಳನ್ನು ಇಳಿಸಿ, ಒರತೆಯ ನೀರನ್ನು ಬೇಕಾದಲ್ಲಿಗೆ ಹರಿಸುವ ಕರೇಜ್ ಅದು. ಜನ ಅದನ್ನು ಸುರಂಗಬಾವಿ ಎಂದರು. ನೌಬಾದಿನ ಕರೇಜ್ ಎರಡು ಕಿಲೋಮೀಟರಿಗೂ ಉದ್ದವಾಗಿದ್ದು, ಅದರ ಮೇಲೆ 21 ಬಾವಿಗಳಿವೆ. ಶುಕ್ಲತೀರ್ಥ ಇನ್ನೊಂದು. ಮೂರನೆಯದಾದ ಜಮ್ನಾ ಮೋರಿ ಕೋಟೆಗೋಡೆಯ ಒಳಗಿನ ಓಣಿಗಳಿಗೆ ನೀರು ಹಂಚಲು ಇದ್ದದ್ದು. ಸೂರ್ಯನ ಬಿಸಿಲೂ ದನಕರುಗಳ ಕಾಲೂ ತಾಕದೆ ಹರಿಯುವ ಕರೇಜಿನ ನೀರು ತೆರೆದ ಕಾಲುವೆಯದಕ್ಕಿಂತ ಶುದ್ಧವಾಗಿರುತ್ತಿತ್ತು. ಆದರೆ ಅದು ಹೂಳೆತ್ತುವ ಕೈಗಳನ್ನು ನಂಬಿ ನಿಂತ ವ್ಯವಸ್ಥೆ. ಆ ಕೈಗಳು ತಪ್ಪಿದಾಗ ಬಾವಿಗಳು ಕಸದ ಗುಂಡಿಗಳಾದವು. ನೌಬಾದಿನ ಸುರಂಗದ ಹೂಳು ಮತ್ತೆ ಹೊರಬಂದದ್ದು 2015ರ ಸುಮಾರಿಗೆ.

ನಡುವಿನ ಶತಮಾನಗಳಲ್ಲಿ ಬರೀದ್ ಶಾಹಿ, ಬಿಜಾಪುರ, ಮೊಗಲರು ಬಂದುಹೋದರು. ಕೊನೆಗೆ ಸೀಮೆ ಹೈದರಾಬಾದಿನ ನಿಜಾಮರ ಪಾಲಾಯಿತು. ಆರೋಗ್ಯಕ್ಕೂ ಹಣ ತೆಗೆದಿಡುವ, ಅದರ ಲೆಕ್ಕ ಕೇಳುವ ಸಮಿತಿ ಹುಟ್ಟಿದ್ದು 19ನೇ ಶತಮಾನದ ಕೊನೆಯ ಭಾಗದಲ್ಲಿ. ದಿವಾನ ಸಾಲಾರ್ ಜಂಗ್ 1865ರಲ್ಲಿ ಜಿಲ್ಲೆ-ತಾಲೂಕುಗಳ ವ್ಯವಸ್ಥೆ ತಂದ ಮೇಲೆ, ಕಂದಾಯದ ಪ್ರತಿ ರೂಪಾಯಿಯ ಮೇಲೆ ಒಂದಾಣೆಯ ಸೆಸ್ ಬಿತ್ತು. ಅದೇ ಲೋಕಲ್ ಫಂಡ್. ರಸ್ತೆ, ಶಾಲೆ, ದವಾಖಾನೆ, ಕಸಗುಡಿಸುವಿಕೆ ಎಲ್ಲಕ್ಕೂ ಆ ಆಣೆಯಲ್ಲೇ ಪಾಲು. ಜಿಲ್ಲಾ ಬೋರ್ಡಿಗೆ ಅವ್ವಲ್ ತಾಲೂಕ್ದಾರ (ಅಂದಿನ ಜಿಲ್ಲಾಧಿಕಾರಿ) ಅಧ್ಯಕ್ಷ, ತಾಲೂಕು ಬೋರ್ಡಿಗೆ ತಹಶೀಲ್ದಾರ. ಅಂದರೆ ಕಂದಾಯ ವಸೂಲು ಮಾಡುವ ಅಧಿಕಾರಿಯೇ ಮೋರಿಯ ಯಜಮಾನ. ಕಡತಗಳ ಭಾಷೆ ಉರ್ದು. ಮೋರಿ ತೊಳೆಯುವವರ, ಬಾವಿ ಸೇದುವವರ ಮನೆಮಾತು ಕನ್ನಡ, ಮರಾಠಿ, ದಖನಿ. ಬಾವಿ ಹಾಳಾಗಿದೆಯೆಂದು ರೈತನೊಬ್ಬ ಅರ್ಜಿ ಕೊಡಬೇಕಾದರೂ ಉರ್ದು ಬಲ್ಲವರನ್ನು ಹುಡುಕಬೇಕಿತ್ತು.

ಈ ಬೋರ್ಡುಗಳ ವ್ಯವಸ್ಥೆಯೂ ಎಲ್ಲ ಕಡೆ ಒಂದೇ ಸಮನಾಗಿ ಇರಲಿಲ್ಲ. ಸೀಮೆಯ ದೊಡ್ಡ ಭಾಗ ಸರ್ಕಾರದ ನೇರ ಆಡಳಿತದಲ್ಲಿರದೆ ಜಾಗೀರುಗಳಲ್ಲಿ ಹಂಚಿಹೋಗಿತ್ತು. ಭಾಲ್ಕಿ ಹೈದರಾಬಾದಿನ ಶ್ರೀಮಂತ ಜಾಗೀರುದಾರರಾದ ಪೈಗಾ ಮನೆತನದ ಕೈಯಲ್ಲಿತ್ತು. ಜಾಗೀರಿನ ಊರುಗಳಲ್ಲಿ ದವಾಖಾನೆ ಇರಬೇಕೋ ಬೇಡವೋ ಎಂಬುದು ಒಡೆಯನ ಮರ್ಜಿಗೆ ಬಿಟ್ಟದ್ದು. ಈ ಒಡೆದ ಆಡಳಿತ ಒಂದಾದದ್ದು 1949ರಲ್ಲಿ ಜಾಗೀರುಗಳು ರದ್ದಾದ ಮೇಲೆಯೇ.

ನಿಜಾಮರ ಕಾಲದ ಭಯಗಳು ಮೂರು: ಸಿಡುಬು, ಕಾಲರಾ, ಪ್ಲೇಗು. 1896ರಲ್ಲಿ ಮುಂಬೈಗೆ ಬಂದ ಪ್ಲೇಗು ದಖನ್ನಿಗೆ ಹಬ್ಬಿದಾಗ ಜನ ಕಂಡುಕೊಂಡ ದಾರಿ ಸರ್ಕಾರಕ್ಕಿಂತ ಹಳೆಯದು. ಮನೆಯಲ್ಲಿ ಇಲಿ ಸತ್ತುಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುವುದು. ವೈದ್ಯಕೀಯವಾಗಿಯೂ ಅದು ಸರಿಯೇ. ಇಲಿ-ಚಿಗಟಗಳಿಂದ ದೂರ ಹೋದಂತಾಯಿತಲ್ಲ. ಕಾಲರಾ ಬರುತ್ತಿದ್ದದ್ದು ದಾರಿ ಹಿಡಿದು. ಪಂಢರಪುರದ ವಾರಿ ಯಾತ್ರೆಗೆ ಹೋಗಿಬರುವವರ ಜತೆ, ಜಾತ್ರೆಗಳ ಜತೆ ಅದು ಓಡಾಡಿತು. ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆ, ಔರಾದದ ಅಮರೇಶ್ವರ ಜಾತ್ರೆ, ಅಷ್ಟೂರಿನ ಗುಮ್ಮಟಗಳ ಬಳಿ ಹಿಂದೂ-ಮುಸ್ಲಿಮರಿಬ್ಬರೂ ಸೇರುವ ಉರುಸು: ಭಕ್ತರಿಗೆ ಇವು ಹಬ್ಬ, ಆರೋಗ್ಯ ಸಿಬ್ಬಂದಿಗೆ ವರ್ಷದ ಅತಿ ಕಷ್ಟದ ವಾರಗಳು. 1930ರಲ್ಲಿ ವಿಕಾರಾಬಾದಿನಿಂದ ಬೀದರಿಗೆ ರೈಲು ಬಂತು. ಎರಡು ವರ್ಷಕ್ಕೆ ಅದೇ ಹಳಿ ಭಾಲ್ಕಿ, ಕಮಲನಗರ ಹಾದು ಪರಳಿಗೆ ಮುಟ್ಟಿತು. ಔಷಧಿಯೂ ರೋಗವೂ ಅಂದಿನಿಂದ ಬೇಗ ಬರತೊಡಗಿದವು.

ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಪೊಲೀಸ್ ಕಾರ್ಯಾಚರಣೆಯ ನಂತರ ಕಾನೂನುಗಳು ಬೇಗ ಬೇಗ ಬದಲಾದವು. 1956ರಲ್ಲಿ ಹೈದರಾಬಾದ್ ಜಿಲ್ಲಾ ಮುನಿಸಿಪಾಲಿಟಿಗಳ ಕಾಯ್ದೆ ಬಂತು. ಅದೇ ವರ್ಷದ ನವೆಂಬರ್ 1ಕ್ಕೆ ಜಿಲ್ಲೆಯೇ ಮೂರು ಹೋಳಾಯಿತು. ಅಹ್ಮದಪುರ, ನಿಲಂಗಾ, ಉದಗೀರ್ ಮುಂಬೈ ರಾಜ್ಯಕ್ಕೆ, ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ಸೊಳ್ಳೆಗೆ ಗಡಿ ಗೊತ್ತಿಲ್ಲದಿದ್ದರೂ ಸೊಳ್ಳೆ ಕೊಲ್ಲುವ ಡಿಡಿಟಿಯ ಡಬ್ಬಿಗೆ ಗೊತ್ತು: ಔರಾದದ ಗಡಿಹಳ್ಳಿಗಳ ಪಕ್ಕದೂರು ಬೇರೆ ರಾಜ್ಯದ ಬೇರೆ ಇಲಾಖೆಯದಾಯಿತು. 1959ರ ಕಾಯ್ದೆ ಹಳ್ಳಿಗಳಿಗೆ ಪಂಚಾಯಿತಿಯನ್ನೂ ತಾಲೂಕಿಗೆ ಅಭಿವೃದ್ಧಿ ಮಂಡಳಿಯನ್ನೂ ಕೊಟ್ಟಿತು. ಪಟ್ಟಣಗಳಿಗೆ 1964ರ ಮುನಿಸಿಪಾಲಿಟಿಗಳ ಕಾಯ್ದೆ ಬಂದು ಹೈದರಾಬಾದಿನದನ್ನು ತೆಗೆದುಹಾಕಿತು. ಬೀದರ್ ನಗರಸಭೆ, ಭಾಲ್ಕಿ ಪುರಸಭೆ, ಔರಾದ ಪಟ್ಟಣ ಪಂಚಾಯಿತಿ ಎಂಬ ಹೆಸರುಗಳು ನೆಲೆಯೂರಿದ್ದು ಆಮೇಲಿನ ದಶಕಗಳಲ್ಲಿ.

ಕಾಯ್ದೆಯ ಪುಸ್ತಕ ಬದಲಾದರೂ ಹೆಲ್ತ್ ಇನ್ಸ್‌ಪೆಕ್ಟರರ ಚೀಲದಲ್ಲಿ ಬ್ಲೀಚಿಂಗ್ ಪುಡಿ ತಪ್ಪಲಿಲ್ಲ. ಬಾವಿಗೆ ಪುಡಿ ಹಾಕುವುದೆಂದರೆ ಮುಷ್ಟಿ ತುಂಬ ಎರಚಿ ಹೋಗುವುದಲ್ಲ. ಮೊದಲು ಬಾವಿಯ ಅಗಲ, ನೀರಿನ ಆಳ ಅಳೆದು ಎಷ್ಟು ಲೀಟರ್ ಇದೆಯೆಂದು ಲೆಕ್ಕ ಹಾಕಬೇಕು. ಸಾವಿರ ಲೀಟರಿಗೆ 2.5 ಗ್ರಾಂ ಪುಡಿ. 3 ಮೀಟರ್ ಅಗಲದ ದುಂಡು ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್, ಅದಕ್ಕೆ 70 ಗ್ರಾಂ ಸಾಕು. ಪುಡಿಯನ್ನು ಬಕೀಟಿನಲ್ಲಿ ಹಿಟ್ಟಿನ ಹದಕ್ಕೆ ಕಲಸಿ, ಮುಕ್ಕಾಲು ಬಕೀಟು ನೀರು ಬೆರೆಸಿ, ಐದು-ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬೇರೆ ಬಕೀಟಿಗೆ ಬಸಿದು, ಹಗ್ಗಕ್ಕೆ ಕಟ್ಟಿ ಬಾವಿಗೆ ಇಳಿಸಿ, ಮೇಲೆ-ಕೆಳಗೆ ಆಡಿಸಿ ಕಲಕಬೇಕು. ತಳದ ಸುಣ್ಣ ಬಾವಿಗೆ ಬಿದ್ದರೆ ನೀರು ಗಡಸಾಗುತ್ತದೆ. ಒಂದು ಗಂಟೆ ಯಾರೂ ಸೇದಬಾರದು. ಆಮೇಲೆ ಪರೀಕ್ಷೆಯ ದ್ರಾವಣ ಹಾಕಿ ಹಳದಿ ಬಣ್ಣ ಬಂತೇ ನೋಡಬೇಕು. ಈ ಒಂದು ಗಂಟೆಯೇ ಜಗಳದ ಮೂಲ. ಕೊಡ ಹೊತ್ತು ಬಂದ ಹೆಂಗಸರನ್ನು ತಡೆದು ನಿಲ್ಲಿಸುವುದು ಪುಡಿ ತೂಗುವುದಕ್ಕಿಂತ ಕಷ್ಟದ ಕೆಲಸ. ‘ದವಾ ವಾಸನೆ’ಯ ನೀರಲ್ಲಿ ಬೇಳೆ ಬೇಯುವುದಿಲ್ಲ ಎಂಬ ದೂರು ಬೇರೆ.

ಮೆಟ್ಟಿಲುಬಾವಿಗಳ ರೋಗ ಇನ್ನೊಂದು: ನಾರುಹುಣ್ಣು. ಉತ್ತರ ಕರ್ನಾಟಕದ ಬಯಲು ಜಿಲ್ಲೆಗಳಲ್ಲಿ ಹಿಂದೆ ಇದು ಬೇಕಾದಷ್ಟಿತ್ತು. ಕಾಲಿನ ಹುಣ್ಣಿನಿಂದ ಹೊರಬರುವ ಹುಳು, ಆ ಕಾಲು ನೀರಿಗೆ ಮುಳುಗಿದ ಕೂಡಲೇ ಮರಿಗಳನ್ನು ಬಿಡುತ್ತದೆ. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೀರುಚಿಗಟಗಳು ಅವನ್ನು ನುಂಗುತ್ತವೆ. ನೀರು ಕುಡಿದವರ ಮೈಯಲ್ಲಿ ಸುಮಾರು ಒಂದು ವರ್ಷಕ್ಕೆ ಹುಳು ಬೆಳೆದು ಹೊರಬರುತ್ತದೆ. ಇದಕ್ಕೆ ಮಾತ್ರೆಯೂ ಇಲ್ಲ, ಲಸಿಕೆಯೂ ಇಲ್ಲ. ಮೆಟ್ಟಿಲು ಮುಚ್ಚಿ ಸೇದುಬಾವಿ ಮಾಡುವುದು, ನೀರು ಬಟ್ಟೆಯಲ್ಲಿ ಸೋಸುವುದು, ಕೊಳವೆಬಾವಿ ಕೊರೆದು ಕೈಪಂಪು ಕೂರಿಸುವುದು, ಇವೇ ಮುಖ್ಯ ಮದ್ದು. 1983-84ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಶುರುವಾಗಿ, ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ಕಂಡಿತು. 2000ದಲ್ಲಿ ಭಾರತ ರೋಗಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆಸ್ಪತ್ರೆಯ ಪಾಲು ಇಲ್ಲಿ ಸಣ್ಣದು. ರೋಗವನ್ನು ಓಡಿಸಿದವರು ಗಾರೆಯವರು ಮತ್ತು ಬೋರ್‌ವೆಲ್‌ನವರು.

ಸಿಡುಬಿನ ಕತೆ ಬೇರೆ. ಅಲ್ಲಿ ಗೆದ್ದದ್ದು ಸೂಜಿಯೇ. ಟೀಕೆ (ಲಸಿಕೆ) ಹಾಕುವವರು ಬಂದರೆಂದು ಮಕ್ಕಳನ್ನು ಅಟ್ಟದ ಮೇಲೆ, ಕಣಜದ ಹಿಂದೆ ಅಡಗಿಸಿದ ಮನೆಗಳೆಷ್ಟೋ. 1962ರಲ್ಲಿ ಆರಂಭವಾದ ನಿರ್ಮೂಲನ ಕಾರ್ಯಕ್ರಮ, ಬಿಸಿಲಿಗೂ ಕೆಡದ ಒಣ ಲಸಿಕೆ ಮತ್ತು ಎರಡು ಮೊನೆಯ ಸೂಜಿ ಬಂದ ಮೇಲೆ ಬಿರುಸಾಯಿತು. 1977ರಲ್ಲಿ ಭಾರತ ಸಿಡುಬು ಮುಕ್ತವೆಂದು ಘೋಷಣೆಯಾಯಿತು.

ಮಲೇರಿಯಾದ್ದು ಅರ್ಧ ಗೆದ್ದು ಸೋತ ಯುದ್ಧ. 1950ರ ದಶಕದಿಂದ ಮನೆಗೋಡೆಗಳಿಗೆ ಡಿಡಿಟಿ ಬಿತ್ತು. ಮನೆ ಮನೆಗೆ ಬಂದ ಕಾರ್ಯಕರ್ತರು ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ತೆಗೆದುಕೊಂಡರು. ದೇಶದಲ್ಲಿ 1965ರ ಹೊತ್ತಿಗೆ ಲಕ್ಷದ ಆಸುಪಾಸಿಗೆ ಇಳಿದಿದ್ದ ಪ್ರಕರಣಗಳು 1976ರಲ್ಲಿ 64 ಲಕ್ಷ ಮೀರಿದವು. ಸೊಳ್ಳೆ ಔಷಧಿಗೆ ಒಗ್ಗಿಕೊಂಡದ್ದು ಒಂದು ಕಾರಣ. ಸಿಂಪಡಿಸಿದ ವಾರದಲ್ಲೇ ಹಬ್ಬ ಬಂತೆಂದು ಗೋಡೆಗೆ ಸುಣ್ಣ-ಸಗಣಿ ಬಳಿದದ್ದೂ ಸಣ್ಣ ಕಾರಣವಲ್ಲ.

ಕೊಳಚೆ ಮೋರಿಯಲ್ಲೇ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಹರಡುವ ಆನೆಕಾಲು ರೋಗ ಮಾತ್ರ ಸ್ಥಳೀಯ ಆಡಳಿತದ ನೇರ ಲೆಕ್ಕಕ್ಕೆ ಬರುವಂಥದು. ರಾಜ್ಯದಲ್ಲಿ ಈ ರೋಗ ಬೇರೂರಿದ ಜಿಲ್ಲೆಗಳ ಪಟ್ಟಿಯಲ್ಲಿ ಬೀದರ್, ಕಲಬುರಗಿಗಳ ಹೆಸರು ಇದ್ದೇ ಇದೆ. ಇದರ ಹುಳುಮರಿಗಳು ರಾತ್ರಿಯಷ್ಟೇ ಹೊರರಕ್ತಕ್ಕೆ ಬರುವುದರಿಂದ, ರಕ್ತ ತೆಗೆಯುವ ತಂಡಗಳು ಎಂಟೂವರೆಯ ನಂತರವೇ ಓಣಿಗೆ ಇಳಿಯಬೇಕು. ಉಂಡು ಮಲಗಲು ಹೊರಟವರ ಬಾಗಿಲು ಬಡಿದು ಬೆರಳು ಕೇಳುವ ಕೆಲಸ ಅದು. 2004ರಿಂದ ವರ್ಷಕ್ಕೊಮ್ಮೆ ಎಲ್ಲರಿಗೂ ಡಿಇಸಿ ಮಾತ್ರೆ ನುಂಗಿಸುವ ಕಾರ್ಯಕ್ರಮ ನಡೆಯಿತು. ರೋಗವಿಲ್ಲದ ನಮಗೇಕೆ ಮಾತ್ರೆ ಎಂಬ ಪ್ರಶ್ನೆಗೆ ಆಶಾ ಕಾರ್ಯಕರ್ತೆಯರು ಕೊಟ್ಟ ಉತ್ತರಗಳಿಗೆ ಲೆಕ್ಕವಿಲ್ಲ.

ಪೇಟೆಯಲ್ಲಿ ಇನ್ನೊಂದು ಕೆಲಸವಿತ್ತು. 1954ರ ಆಹಾರ ಕಲಬೆರಕೆ ತಡೆ ಕಾಯ್ದೆ ‘ಸ್ಥಳೀಯ ಆರೋಗ್ಯ ಪ್ರಾಧಿಕಾರ’ ಎಂಬ ಪಾತ್ರವನ್ನೇ ಸೃಷ್ಟಿಸಿತು. ಬೀದರಿನ ಉಸ್ಮಾನ್‌ಗಂಜಿನ ಅಂಗಡಿಯಲ್ಲಾಗಲಿ ಭಾಲ್ಕಿಯ ಸಂತೆಯಲ್ಲಾಗಲಿ ಆಹಾರ ನಿರೀಕ್ಷಕ ಬಂದರೆ ಮೊದಲು ಲಿಖಿತ ನೋಟಿಸು, ಆಮೇಲೆ ದುಡ್ಡು ಕೊಟ್ಟೇ ಮಾದರಿ ಕೊಳ್ಳಬೇಕು. ಅದನ್ನು ಮೂರು ಪಾಲು ಮಾಡಿ ಅರಗಿನ ಮುದ್ರೆ ಒತ್ತಬೇಕು. ಹಾಲಾದರೆ 25 ಮಿಲಿಲೀಟರಿಗೆ ಎರಡು ಹನಿ ಫಾರ್ಮಲಿನ್, ಪ್ರಯೋಗಾಲಯ ಮುಟ್ಟುವ ತನಕ ಕೆಡದಂತೆ. ಒಂದು ಹಂತ ತಪ್ಪಿದರೂ ಮೊಕದ್ದಮೆ ಬಿದ್ದುಹೋಗುತ್ತಿತ್ತು. 2011ರಲ್ಲಿ ಹೊಸ ಆಹಾರ ಸುರಕ್ಷತಾ ಕಾಯ್ದೆ ಜಾರಿಗೆ ಬಂದು ಈ ಕೆಲಸ ಬೇರೆ ಅಧಿಕಾರಿಗಳಿಗೆ ಹೋಯಿತು.

ಇಷ್ಟೆಲ್ಲದರ ಅಡಿಯಲ್ಲಿ, ಸೂರ್ಯ ಹುಟ್ಟುವ ಮೊದಲು ಬೀದರಿನ ಚೌಬಾರಾ ಗೋಪುರದ ಸುತ್ತಿನ ಓಣಿಗಳಲ್ಲಿ ಕೆಲಸ ಶುರು ಮಾಡುತ್ತಿದ್ದವರ ಹೆಸರು ಯಾವ ವರದಿಯಲ್ಲೂ ಸಿಗುವುದಿಲ್ಲ. ಹಳೆಯ ಪಟ್ಟಣಗಳ ಒಣ ಪಾಯಿಖಾನೆಗಳನ್ನು ಜಾಡಮಾಲಿಗಳು ಕೈಯಿಂದಲೇ ಬಳಿದು, ತಲೆಯ ಮೇಲೆ ಹೊತ್ತು ಊರಾಚೆ ಸಾಗಿಸಿದರು. ಜಾತಿಯ ಕಟ್ಟಿನಲ್ಲಿ ಕೆಲಸ ಹುಟ್ಟಿನಿಂದಲೇ ಅಂಟಿತ್ತು. 1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪ ರಾಜ್ಯದಲ್ಲಿ ಮಲ ಹೊರುವುದನ್ನು ನಿಷೇಧಿಸಿದರು. ದೇಶದ ಕಾನೂನು ಆ ಮಾತಿಗೆ ಬರಲು 1993 ಆಗಬೇಕಾಯಿತು. ಒಳಚರಂಡಿ ಗುಂಡಿಗಿಳಿಸುವುದನ್ನೂ ಸೇರಿಸಿ ಬಿಗಿ ಮಾಡಲು 2013. ಊರಿನ ಆರೋಗ್ಯದ ಚರಿತ್ರೆಯಲ್ಲಿ ಲಸಿಕೆಗೆ ಸಿಕ್ಕ ಪುಟಗಳ ಕಾಲು ಭಾಗವೂ ಪೊರಕೆಗೆ ಸಿಕ್ಕಿಲ್ಲವೆಂಬುದು ಅನ್ಯಾಯವೇ.

ಒಂದಾಣೆ ಸೆಸ್ಸಿನ ಕಾಲದಲ್ಲಿ ಒಂದೇ ಮೇಜಿನ ಮೇಲಿದ್ದ ಕೆಲಸಗಳು ಈಗ ಹಲವು ಕಚೇರಿಗಳಲ್ಲಿವೆ. ಕಸ, ಮೋರಿ ಸ್ಥಳೀಯ ಸಂಸ್ಥೆಗಳ ಬಳಿ ಉಳಿದಿವೆ. ಪಟ್ಟಣಗಳ ದೊಡ್ಡ ನೀರು ಸರಬರಾಜು ಯೋಜನೆಗಳು ರಾಜ್ಯದ ಮಂಡಳಿಯ ಪಾಲು. ಸೊಳ್ಳೆಯಿಂದ ಬರುವ ರೋಗಗಳನ್ನು ಆರೋಗ್ಯ ಇಲಾಖೆಯ ಜಿಲ್ಲಾ ಅಧಿಕಾರಿ ನೋಡಿಕೊಳ್ಳುತ್ತಾರೆ. 1969ರ ಕಾಯ್ದೆಯ ಪ್ರಕಾರ ಜನನ-ಮರಣ ನೋಂದಣಿ ಪಟ್ಟಣಗಳಲ್ಲಿ ಸ್ಥಳೀಯ ಸಂಸ್ಥೆಯದಾಗಿ, ಹಳ್ಳಿಗಳಲ್ಲಿ ಬಹುಕಾಲ ಗ್ರಾಮಲೆಕ್ಕಿಗರದಾಗಿ ನಡೆಯಿತು. ಭಾಲ್ಕಿ, ಔರಾದ ತಾಲೂಕುಗಳ ಹಳ್ಳಿಗಳಲ್ಲಿ ಹಳೆಯ ಬೋರ್ಡಿಗೆ ಹತ್ತಿರವಾದದ್ದೆಂದರೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ. ಪಂಚಾಯಿತಿ ಸದಸ್ಯರು, ಆಶಾ, ಅಂಗನವಾಡಿ ಕಾರ್ಯಕರ್ತೆಯರು ಕೂಡಿರುವ ಈ ಸಮಿತಿಗೆ ವರ್ಷಕ್ಕೆ 10,000 ರೂಪಾಯಿಯವರೆಗೆ ಮುಕ್ತ ನಿಧಿ ಸಿಗುತ್ತದೆ. ಬ್ಲೀಚಿಂಗ್ ಪುಡಿ, ನೀರಿನ ತೊಟ್ಟಿ ತೊಳೆಸುವ ಕೂಲಿ, ಮೋರಿಯ ಹೂಳು ಎತ್ತಿಸುವ ಖರ್ಚಿಗೆ ಈ ನಿಧಿಯನ್ನು ಬಳಸಬಹುದು.