ಗಡಿಯಾರದವರ ಮೇಜಿನಿಂದ ಬಂದ ಗಾಳದ ರೀಲು

ಹೋದ ವರ್ಷ ಬೇಸಿಗೆಯಲ್ಲಿ ನಾವು ದಂಪತಿ ಟೆಕ್ಸಾಸ್ ರಾಜ್ಯದಲ್ಲಿರುವ ಮಗನ ಮನೆಯಲ್ಲಿ ಮೂರು ತಿಂಗಳು ಇದ್ದು ಬಂದ ಸಂಗತಿ ಬಂಧುಗಳಿಗೆಲ್ಲ ತಿಳಿದದ್ದೇ. ಅಲ್ಲಿಯ ದೊಡ್ಡ ರಸ್ತೆ, ದೊಡ್ಡ ಅಂಗಡಿಗಳ ವರ್ಣನೆಯನ್ನು ಹೋಗಿ ಬಂದವರೆಲ್ಲರೂ ಮಾಡಿರುವುದರಿಂದ ನಾನು ಅದಕ್ಕೆ ಕೈಹಾಕುವುದಿಲ್ಲ. ಈ ಲೇಖನಕ್ಕೆ ಕಾರಣನಾದವನು ನನ್ನ ಹನ್ನೆರಡು ವರ್ಷದ ಮೊಮ್ಮಗ. ವಿಷಯವೋ, ನನ್ನ ಪಾಠ ಕೇಳಿದವರು ಯಾರೂ ನನ್ನಿಂದ ನಿರೀಕ್ಷಿಸದಂಥದು: ಮೀನು ಹಿಡಿಯುವ ಗಾಳದ ರೀಲು.

ನಮ್ಮ ಮನೆಯಲ್ಲಿ ಮೀನು ಬೇಯಿಸುವ ರೂಢಿಯಿಲ್ಲ. ಆದರೂ ತುಂಗೆಯ ದಂಡೆಯಲ್ಲಿ ಬೆಳೆದ ಹುಡುಗರು ಗಾಳ ಮುಟ್ಟದೆ ಇರುವುದುಂಟೆ? ಬಿದಿರ ಕೋಲು, ಎರಡು ಮಾರು ದಾರ, ತೆಂಗಿನ ಚಿಪ್ಪಿನಲ್ಲಿ ಎರೆಹುಳು, ಇಷ್ಟೇ ನಮ್ಮ ಸಲಕರಣೆ. ಸಿಕ್ಕಿದ ಮೀನನ್ನು ಜೊತೆಗಾರ ತನ್ನ ಮನೆಗೆ ಒಯ್ಯುತ್ತಿದ್ದ. ನಾನು ಕೈ ತೊಳೆದುಕೊಂಡು ಸಂಧ್ಯಾವಂದನೆಗೆ ಕೂರುತ್ತಿದ್ದೆ. ಆ ಕೋಲಿಗೆ ರೀಲು ಇರಲಿಲ್ಲ. ದಾರವಿದ್ದಷ್ಟೇ ದೂರ ನಮ್ಮ ಆಸೆ.

ಮೊಮ್ಮಗನ ಆಸೆ ಅದಕ್ಕಿಂತ ದೂರದ್ದು. ಅವನಿಗೆ ಬೇಕಾದದ್ದು ಲಾರ್ಜ್‌ಮೌತ್ ಬಾಸ್, ಅಂದರೆ ದೊಡ್ಡ ಬಾಯಿಯ ಬಾಸ್ ಮೀನು. ಉತ್ತರ ಅಮೆರಿಕದ ಸಿಹಿನೀರಿನಲ್ಲಿ ಹುಟ್ಟಿ ಬೆಳೆಯುವ ಈ ಮೀನು ಮುಳುಗಿದ ಮರದ ದಿಮ್ಮಿ, ಜೊಂಡುಗಳ ನೆರಳಿನಲ್ಲಿ ಹೊಂಚುಹಾಕಿ ನಿಲ್ಲುತ್ತದೆ. ಅದರ ಮೂತಿಯ ಮುಂದೆಯೇ ಹುಸಿ ಮೀನೊಂದು ಬೀಳುವಂತೆ ದೂರದಿಂದ ಎಸೆಯಬೇಕು. ಕಚ್ಚಿದ ಮೇಲೆ ಅದು ನೀರಿನಿಂದ ಮೇಲಕ್ಕೆ ಹಾರಿ ತಲೆ ಕೊಡವುತ್ತದೆ, ಇಲ್ಲವೆ ಜೊಂಡಿನೊಳಗೆ ನುಗ್ಗಿ ದಾರವನ್ನು ಸುತ್ತಿಸಿಬಿಡುತ್ತದೆ. ಟೆಕ್ಸಾಸ್‌ನಲ್ಲಿ ಈ ಮೀನಿಗಿರುವ ಗೌರವವನ್ನು ನಂಬುವುದು ಕಷ್ಟ. 13 ಪೌಂಡು ಮೀರಿದ ಬಾಸ್ ಹಿಡಿದವರು ಅದನ್ನು ಜೀವಂತವಾಗಿ ಸರ್ಕಾರದ ಮೀನುಮರಿ ಕೇಂದ್ರಕ್ಕೆ ಸಂತಾನಕ್ಕಾಗಿ ಎರವಲು ಕೊಡುವ ವ್ಯವಸ್ಥೆ ಅಲ್ಲಿ 1986ರಲ್ಲಿಯೇ ಆರಂಭವಾಯಿತು. ಎರವಲು ಎಂದೇ ಅವರು ಕರೆಯುವುದು.

ಒಂದು ಶನಿವಾರ ನಸುಕಿನಲ್ಲಿ ಕೆರೆಗೆ ಹೋದೆವು. ಹದಿನೇಳು ತುಂಬದ ಮಕ್ಕಳಿಗೆ ಅಲ್ಲಿ ಮೀನು ಹಿಡಿಯಲು ಪರವಾನಗಿ ಬೇಡ. ನನ್ನಂಥ ಪ್ರವಾಸಿಗೆ ಬೇಕು. ಹಾಗಾಗಿ ನಾನು ಕೊಡೆ ಹಿಡಿದು ದಂಡೆಯ ಮೇಲೆ ಕುಳಿತೆ. ಹುಡುಗನ ಬಳಿ ಇದ್ದದ್ದು ನೆರೆಮನೆಯ ಹಿರಿಯರೊಬ್ಬರು ಕೊಟ್ಟ, ಗುಂಡಿಯೊತ್ತಿ ಎಸೆಯುವ ಮುಚ್ಚಿದ ರೀಲು. ಎಂಟು ಗಂಟೆಯ ಹೊತ್ತಿಗೆ ನೀರು ಒಡೆಯಿತು. ನನ್ನ ತೋಳಿನಷ್ಟು ಉದ್ದದ ಮೀನೊಂದು ಮೇಲೆದ್ದು ಬಿದ್ದದ್ದನ್ನು ನಾನೇ ಕಂಡೆ. ಮರುಕ್ಷಣ ದಾರ ತುಂಡಾಯಿತು. ಎಷ್ಟೋ ವರ್ಷ ಬದಲಿಸದೆ ಬಿಟ್ಟಿದ್ದ ದಾರ, ತಪ್ಪು ಅದರದೇ. ಹುಡುಗ ಮಾತ್ರ ರೀಲನ್ನು ದೂರಿದ. ಕಾರಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದುದನ್ನು ನಾವು ನೋಡದವರಂತೆ ಕುಳಿತೆವು.

ಅಂದು ಸಂಜೆಯಿಂದ ಮನೆಯಲ್ಲಿ ರೀಲಿನದೇ ಮಾತು. ಅವನಿಗೆ ಬೇಕಾದದ್ದು ಗಣಕದ ಚಿಪ್ಪು ಅಡಗಿಸಿದ ಜಪಾನೀ ಮಾದರಿಯ ದುಬಾರಿ ರೀಲು. ಸೊಸೆ ಒಪ್ಪಲಿಲ್ಲ. ಮಗ ಮಾತಾಡಲಿಲ್ಲ. ಕೊನೆಗೆ ಹುಡುಗ ನನ್ನ ಬಳಿ ಬಂದು, "ಅಜ್ಜ, ನೀನು ಹಿಸ್ಟರಿ ಮೇಷ್ಟ್ರಲ್ವಾ, ದೊಡ್ಡ ಬಾಸ್‌ಗೆ ಯಾವ ರೀಲು ಅಂತ ನೀನೇ ಓದಿ ಹೇಳು" ಎಂದ. ಮೂವತ್ತನಾಲ್ಕು ವರ್ಷ ಪಾಣಿಪತ್ ಯುದ್ಧಗಳನ್ನು ಬೋಧಿಸಿದವನಿಗೆ ಬಂದ ಈ ಹೊಸ ಪಠ್ಯವನ್ನು ನಾನು ಶ್ರದ್ಧೆಯಿಂದಲೇ ಓದಿದೆ. ಓದುತ್ತ ಹೋದಂತೆ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬಿತ್ತು: ಈ ರೀಲನ್ನು ತಿದ್ದಿ ತೀಡಿದವರು ಮೀನುಗಾರ ಜನವಲ್ಲ, ಗಡಿಯಾರದವರು.

ಅದಕ್ಕೆ ಕಾರಣ ತಿಳಿಯಬೇಕಾದರೆ ಬಾವಿಯ ರಾಟೆಯನ್ನು ನೆನೆಯಿರಿ. ಕೊಡವನ್ನು ವೇಗವಾಗಿ ಬಿಟ್ಟಾಗ ಹಗ್ಗ ಸರಸರನೆ ಇಳಿಯುತ್ತದೆ. ಕೊಡ ನೀರು ಮುಟ್ಟಿ ನಿಂತರೂ ರಾಟೆ ತನ್ನ ಭರದಲ್ಲಿ ನಾಲ್ಕು ಸುತ್ತು ಹೆಚ್ಚಿಗೆ ತಿರುಗುತ್ತದೆ. ಗಾಳದ ರೀಲಿನ ಕಷ್ಟವೂ ಅದೇ. ಎಸೆದ ಹುಸಿ ಮೀನು ಗಾಳಿಯಲ್ಲಿ ನಿಧಾನವಾದರೂ ಉರುಳೆ ನಿಧಾನವಾಗುವುದಿಲ್ಲ. ಹೊರಗೆ ಹೋಗಲಾರದ ದಾರವೆಲ್ಲ ಉರುಳೆಯ ಸುತ್ತಲೇ ಕುಣಿದು ಬಿಡಿಸಲಾಗದ ಸಿಕ್ಕಾಗುತ್ತದೆ. ಅಲ್ಲಿಯವರು ಅದನ್ನು ಹಕ್ಕಿಗೂಡು ಎನ್ನುತ್ತಾರೆ. ಇದನ್ನು ತಡೆಯುವ ಮುಖ್ಯ ಉಪಾಯ ಎಸೆಯುವವನ ಹೆಬ್ಬೆರಳು. ಉರುಳೆಯನ್ನು ಅದು ಮೃದುವಾಗಿ ಸವರುತ್ತಿರಬೇಕು, ಸರಿಯಾದ ಕ್ಷಣದಲ್ಲಿ ಒತ್ತಬೇಕು. ರೀಲಿನ ಎರಡು ನೂರು ವರ್ಷಗಳ ಚರಿತ್ರೆಯನ್ನು ಈ ಹೆಬ್ಬೆರಳಿಗೆ ಬಿಡುವು ಕೊಡಿಸುವ ಪ್ರಯತ್ನವೆಂದೇ ಓದಬಹುದು.

ಹಲ್ಲಿನ ಚಕ್ರಗಳಿದ್ದ ರೀಲುಗಳು ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿಯೇ ಮಾರಾಟವಾಗುತ್ತಿದ್ದವು. ಆದರೆ ಅವು ದಾರ ಸುತ್ತಲು ಮಾತ್ರ ಉಪಯುಕ್ತ, ಹಿಡಿದೆಸೆಯಲು ಅಲ್ಲ. 1810 ಮತ್ತು 1820ರ ನಡುವೆ ಕೆಂಟಕಿ ರಾಜ್ಯದ ಪ್ಯಾರಿಸ್ ಎಂಬ ಸಣ್ಣ ಊರಿನಲ್ಲಿ (ಫ್ರಾನ್ಸಿನ ಪ್ಯಾರಿಸ್ ಅಲ್ಲ) ಜಾರ್ಜ್ ಸ್ನೈಡರ್ ಎಂಬಾತ ತನಗೂ ತನ್ನ ಗೆಳೆಯರಿಗೂ ಒಂದು ರೀಲು ಮಾಡಿಕೊಂಡನು. ವೃತ್ತಿಯಿಂದ ಗಡಿಯಾರ ಮಾಡುವವನು, ಬೆಳ್ಳಿ ಕೆಲಸದವನು. ಹಿಡಿಕೆ ಒಂದು ಸುತ್ತು ತಿರುಗಿದರೆ ಉರುಳೆ ಹಲವು ಸುತ್ತು ತಿರುಗುವಂತೆ ಹಲ್ಲುಗಳನ್ನು ಕೂಡಿಸಿದ. ಕಾಲಾಂತರದಲ್ಲಿ ಒಂದಕ್ಕೆ ನಾಲ್ಕು ಎಂಬುದು ಕೆಂಟಕಿ ರೀಲುಗಳ ಸಾಮಾನ್ಯ ಪ್ರಮಾಣವಾಯಿತು. ಅದಕ್ಕಿಂತ ದೊಡ್ಡ ಸಂಗತಿಯೆಂದರೆ ಉರುಳೆ ತಡೆಯಿಲ್ಲದೆ ತಿರುಗಿತು. ಹಗುರವಾದ ಬೆಟೆಯೂ ತನ್ನ ತೂಕದಿಂದಲೇ ದಾರವನ್ನು ಎಳೆದುಕೊಂಡು ಹೋಗಬಲ್ಲುದಾಯಿತು. ಅಂಥ ನುಣುಪು ಯಾರಿಗೆ ಸಾಧ್ಯ? ಜೇಬುಗಡಿಯಾರದ ಚಕ್ರಗಳಿಗೆ ಹಲ್ಲು ಕೊರೆದು, ಅಚ್ಚಿನ ತುದಿ ತೀಡಿದ ಕೈಗೆ ತಾನೆ?

ಸ್ನೈಡರನ ತರುವಾಯ ಫ್ರಾಂಕ್‌ಫರ್ಟ್ ಎಂಬ ಕೆಂಟಕಿಯ ರಾಜಧಾನಿಯಲ್ಲಿ ಮೀಕ್ ಸಹೋದರರು, ಜೊನಾಥನ್ ಮತ್ತು ಬೆಂಜಮಿನ್, ಈ ಕೆಲಸವನ್ನು ಮುಂದುವರಿಸಿದರು. ಅವರೂ ಗಡಿಯಾರದವರು. 1830ರ ದಶಕದಲ್ಲಿ ನ್ಯಾಯಾಧೀಶನೊಬ್ಬ ತನ್ನ ಕೈತಪ್ಪಿಹೋದ ಸ್ನೈಡರ್ ರೀಲಿನ ಬದಲಿಗೆ ಇನ್ನೊಂದನ್ನು ಮಾಡಿಕೊಡಲು ಕೇಳಿದನೆಂದೂ ಅಲ್ಲಿಂದ ಇದು ಆರಂಭವಾಯಿತೆಂದೂ ಪ್ರತೀತಿ. ಅವರ ಬಳಿ ಕೆಲಸ ಕಲಿತ ಮೈಲಮ್ ಎಂಬವನು ಮುಂದೆ ಪಾಲುದಾರನೂ ಆದ. ಹೀಗೆ ಗುರುವಿನಿಂದ ಶಿಷ್ಯನಿಗೆ ಬಂದ ವಿದ್ಯೆ ಇದು. ಈ ರೀಲುಗಳ ಒಂದು ಲಕ್ಷಣ ನನಗೆ ಬಹಳ ಹಿಡಿಸಿತು. ಪ್ರತಿ ಸ್ಕ್ರೂವಿಗೂ ಅದು ಕೂರುವ ತೂತಿಗೂ ಒಂದೇ ಅಂಕೆಯನ್ನು ಕೊರೆದಿರುತ್ತಿದ್ದರು. ಮೂರನೆಯ ಸ್ಕ್ರೂ ಮೂರನೆಯ ತೂತಿಗೇ ಸರಿ, ನಾಲ್ಕನೆಯದಕ್ಕೆ ಕೂರದು. ಕೈಯಿಂದ ಮಾಡಿದ ವಸ್ತುವಿನ ಪ್ರಾಮಾಣಿಕತೆ ಅದು.

ಆದರೆ ಬಾಸ್ ಮೀನಿಗೆ ಸಮಾಜದಲ್ಲಿ ಮಾನ ಬಂದದ್ದು ತಡವಾಗಿ. ಇಂಗ್ಲೆಂಡಿನಿಂದ ಬಂದ ರೂಢಿಯಂತೆ ಟ್ರೌಟ್, ಸಾಮನ್‌ಗಳೇ ದೊಡ್ಡ ಮನುಷ್ಯರ ಮೀನು. 1881ರಲ್ಲಿ ಜೇಮ್ಸ್ ಹೆನ್‌ಶಾಲ್ ಎಂಬ ವೈದ್ಯ ಬಾಸ್ ಮೀನಿನ ಮೇಲೆಯೇ ಒಂದು ಪೂರ್ಣ ಗ್ರಂಥ ಬರೆದು ಅದರ ವಕೀಲಿ ಮಾಡಿದ. ಇಲ್ಲಿ ನಮ್ಮ ನಾಡಿನ ಮಾತೊಂದನ್ನು ಸೇರಿಸದೆ ಇರಲಾರೆ: ಅದಕ್ಕೂ ಎಂಟು ವರ್ಷ ಮೊದಲೇ, 1873ರಲ್ಲಿ, ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಎಂಬ ಆಂಗ್ಲ ಭಾರತದ ಗಾಳದ ಬೇಟೆಯನ್ನು ಕುರಿತು ಬರೆದ ಪುಸ್ತಕ ನಮ್ಮ ಮಂಗಳೂರಿನಲ್ಲಿ ಪ್ರಕಟವಾಗಿತ್ತು. ಅದರ ನಾಯಕ ಬಾಸ್ ಅಲ್ಲ, ನಮ್ಮ ಹೊಳೆಗಳ ಮಹಶೀರ್.

ಮತ್ತೆ ರೀಲಿಗೆ ಬರೋಣ. 1890ರ ದಶಕದ ಕೊನೆಯಲ್ಲಿ ಮಿಶಿಗನ್ನಿನ ಕಲಮಜೂ ಊರಿನ ವಿಲಿಯಂ ಶೇಕ್ಸ್‌ಪಿಯರ್ (ಹೌದು, ಹೆಸರು ಅದೇ) ದಾರವನ್ನು ಉರುಳೆಯ ಉದ್ದಕ್ಕೂ ಸಮವಾಗಿ ಹಾಸುವ ಸಾಧನಕ್ಕೆ ಪೇಟೆಂಟ್ ಪಡೆದ. ಅಲ್ಲಿಯವರೆಗೆ ಆ ಕೆಲಸವೂ ಬೆರಳಿನದೇ ಆಗಿತ್ತು. 1905ರಲ್ಲಿ ಇಂಗ್ಲೆಂಡಿನ ಉಣ್ಣೆ ಗಿರಣಿಯವನಾದ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ ಪ್ರಶ್ನೆಯನ್ನೇ ತಿರುಗಿಸಿ ನೋಡಿದ: ಉರುಳೆ ತಿರುಗಲೇಕೆ ಬೇಕು? ಗಿರಣಿಯ ಕಂಡಿಕೆಯಿಂದ ನೂಲು ತುದಿಯ ಕಡೆಯಿಂದ ಸುರುಳಿಯಾಗಿ ಜಾರಿ ಬರುವುದಿಲ್ಲವೆ? ತಿರುಗದ ಉರುಳೆಗೆ ಭರವೂ ಇಲ್ಲ, ಹಕ್ಕಿಗೂಡಿನ ಭಯವೂ ಅಷ್ಟಿಲ್ಲ.

ಅದೇ ತತ್ತ್ವ ನಲವತ್ತು ಚಿಲ್ಲರೆ ವರ್ಷಗಳ ನಂತರ ಟೆಕ್ಸಾಸ್‌ನ ಆರ್. ಡಿ. ಹಲ್ ಎಂಬವನಿಗೆ ಹೊಳೆದ ಬಗೆಯನ್ನು ಓದಿ ನಾನು ಒಬ್ಬನೇ ನಕ್ಕೆ. ದಿನಸಿ ಅಂಗಡಿಯವನು ಪೊಟ್ಟಣ ಕಟ್ಟಲು ದೊಡ್ಡ ಉಂಡೆಯಿಂದ ದಾರ ಎಳೆಯುತ್ತಿದ್ದುದನ್ನು ಅವನು ಕಂಡನಂತೆ; ಉಂಡೆ ಅಲುಗದೆ ದಾರ ಮಾತ್ರ ಬರುತ್ತಿತ್ತು. ನಮ್ಮೂರ ಶೆಟ್ಟರ ಅಂಗಡಿಯಲ್ಲಿ ತಲೆಯ ಮೇಲೆ ತೂಗುತ್ತಿದ್ದ ದಾರದ ಉಂಡೆ ನಿಮಗೆ ನೆನಪಿದೆಯೆ? ಶೆಟ್ಟರು ಮಾತಾಡುತ್ತಲೇ ಕೈ ಮೇಲೆ ಚಾಚಿ ದಾರ ಸೆಳೆದು, ಸಕ್ಕರೆ ಪೊಟ್ಟಣಕ್ಕೆ ಸುತ್ತಿ, ಪಟ್ಟೆಂದು ಹರಿಯುತ್ತಿದ್ದರು. ಸಾವಿರ ಸಲ ನೋಡಿದ ನಮಗೆ ಅದರಲ್ಲಿ ರೀಲು ಕಾಣಲಿಲ್ಲ. ಹಲ್ಲನಿಗೆ ಕಂಡಿತು, ಅವನೂ ಗಡಿಯಾರದವನೇ! ತನ್ನ ಕಲ್ಪನೆಯನ್ನು ಹೊತ್ತು ಅವನು ಹೋದದ್ದು ಒಕ್ಲಹೋಮದ ಟಲ್ಸಾ ನಗರದ ಜೀರೋ ಅವರ್ ಬಾಂಬ್ ಕಂಪನಿಗೆ. ಎಣ್ಣೆ ಬಾವಿಗಳ ಆಳದಲ್ಲಿ ನಿಗದಿತ ಹೊತ್ತಿಗೆ ಸಿಡಿಯುವ ಬಾಂಬು ಮಾಡುತ್ತಿದ್ದ ಸಂಸ್ಥೆ ಅದು. ಆ ಬಾಂಬಿನ ಪೇಟೆಂಟ್ ಮುಗಿಯುವ ಕಾಲ ಬಂದು ಅವರು ಬೇರೆ ಕಸುಬು ಹುಡುಕುತ್ತಿದ್ದರು. 1949ರಲ್ಲಿ ಅವರ ಮೊದಲ ಮುಚ್ಚಿದ ರೀಲು ಹೊರಬಂತು. ಹೆಸರಿನ ಮೊದಲಕ್ಷರಗಳು ಕೂಡಿ ಜೆಬ್ಕೊ ಆಯಿತು. ಅಮೆರಿಕದಲ್ಲಿ ಎಷ್ಟೋ ತಲೆಮಾರಿನ ಮಕ್ಕಳ ಮೊದಲ ರೀಲು ಆ ಬಗೆಯದು. ನನ್ನ ಮೊಮ್ಮಗ ದೂರಿದ ರೀಲಿನ ಮೂಲಪುರುಷ ಅದೇ.

ಸ್ವೀಡನ್ನಿನ ಕಥೆಯೂ ಇದಕ್ಕೆ ಹತ್ತಿರದ್ದು. ಸ್ವಾಂಗ್‌ಸ್ತಾ ಎಂಬ ಹಳ್ಳಿಯಲ್ಲಿ 1921ರಲ್ಲಿ ಬೊರ್ಗ್‌ಸ್ತ್ರೋಮ್ ಎಂಬವರು ಜೇಬುಗಡಿಯಾರದ ಕಾರ್ಖಾನೆ ತೆರೆದರು. ಮುಂದೆ ಟ್ಯಾಕ್ಸಿ ಮೀಟರುಗಳನ್ನೂ ಮಾಡಿದರು. ಎರಡನೆಯ ಮಹಾಯುದ್ಧ ಬಂದು ಮೀಟರುಗಳನ್ನು ಕೇಳುವವರಿಲ್ಲವಾದಾಗ ಅದೇ ಯಂತ್ರಗಳು, ಅದೇ ಕುಶಲಕರ್ಮಿಗಳು ಗಾಳದ ರೀಲಿನ ಕಡೆ ತಿರುಗಿದರು. ಯುದ್ಧಕ್ಕಿಂತ ರೀಲು ಮೇಲಲ್ಲವೆ? 1950ರ ದಶಕದಲ್ಲಿ ಹೊರಬಂದ ಅವರ ಕೆಂಪು ಬಣ್ಣದ ಅಂಬಾಸಡರ್ 5000 ಬಾಸ್ ಹಿಡಿಯುವವರ ಕಣ್ಮಣಿಯಾಯಿತು. ಅದರಲ್ಲಿ ಉರುಳೆ ತಿರುಗುತ್ತದೆ. ಆದರೆ ಅತಿವೇಗವಾದರೆ ಒಳಗಿನ ಪುಟ್ಟ ತುಂಡುಗಳು ಹೊರಕ್ಕೆ ಸರಿದು ಉಜ್ಜಿ ತಡೆಯುತ್ತವೆ. ಇಷ್ಟಾದರೂ ಕೊನೆಯ ಮಾತು ಹೆಬ್ಬೆರಳಿನದೇ. ಮೀನು ಎಳೆದಾಗ ದಾರವನ್ನು ಬಿಗಿಯಾಗಿ, ಅಳತೆಯಲ್ಲಿ ಬಿಟ್ಟುಕೊಡುವ ಬಿರಿಯೂ ಇದೆ. ದಪ್ಪ ದಾರಕ್ಕೂ ಜೊಂಡಿನಿಂದ ಎಳೆದು ತರುವ ಬಲಕ್ಕೂ ಈ ಬಗೆಯೇ ಹೆಚ್ಚು ಸೂಕ್ತವೆಂದು ನನಗೆ ಮನವರಿಕೆಯಾಯಿತು.

ಮೊಮ್ಮಗ ಬಯಸಿದ ಚಿಪ್ಪಿನ ರೀಲು ಬಂದದ್ದು 2000ದ ದಶಕದ ಆರಂಭದಲ್ಲಿ, ಜಪಾನಿನ ಶಿಮಾನೊ ಸಂಸ್ಥೆಯಿಂದ. ಅದೂ 1921ರಲ್ಲಿಯೇ ಹುಟ್ಟಿದ್ದು, ಸೈಕಲ್ ಚಕ್ರದ ಫ್ರೀವೀಲ್ ಮಾಡುತ್ತ. ಈ ರೀಲಿನಲ್ಲಿ ತಿರುಗುವ ಉರುಳೆಯೇ ವಿದ್ಯುತ್ತನ್ನು ಹುಟ್ಟಿಸುತ್ತದೆ. ಆ ವಿದ್ಯುತ್ತಿನಿಂದ ಚಿಪ್ಪು ವೇಗವನ್ನು ಅಳೆದು ಬ್ರೇಕು ಹಾಕುತ್ತದೆ. ಹೆಬ್ಬೆರಳಿಗೆ ಹೆಚ್ಚುಕಡಿಮೆ ಪಿಂಚಣಿ.

ಹಾಗಾದರೆ ಅತಿ ದೊಡ್ಡ ಬಾಸ್ ಯಾವ ರೀಲಿಗೆ ಸಿಕ್ಕಿತು? ಇದನ್ನೇ ಹುಡುಗ ಕೇಳಿದ್ದು. 1932ರ ಜೂನ್ 2ರಂದು ಜಾರ್ಜಿಯಾ ರಾಜ್ಯದಲ್ಲಿ ಮಳೆ ಬಂದು ಹೊಲ ಉಳಲು ಆಗದಿದ್ದ ದಿನ, ಜಾರ್ಜ್ ಪೆರಿ ಎಂಬ ಇಪ್ಪತ್ತರ ಆಸುಪಾಸಿನ ರೈತ ಗೆಳೆಯನೊಡನೆ ಮಾಂಟ್ಗೊಮೆರಿ ಕೆರೆಗೆ ಹೋದ. ಇಬ್ಬರಿಗೂ ಸೇರಿ ಒಂದೇ ಕೋಲು, ಅಗ್ಗದ ಒಂದು ರೀಲು, ಒಂದೇ ಹುಸಿ ಮೀನು. ಸಿಕ್ಕಿದ ಬಾಸ್ 22 ಪೌಂಡು 4 ಔನ್ಸು, ಸುಮಾರು ಹತ್ತು ಕಿಲೊ. ಆರ್ಥಿಕ ಮುಗ್ಗಟ್ಟಿನ ಕಾಲ. ತೂಕ ಬರೆಸಿಕೊಂಡ ಮೇಲೆ ಮನೆಮಂದಿ ಅದನ್ನು ಬೇಯಿಸಿ ಉಂಡರು. ಆ ದಾಖಲೆಯನ್ನು 77 ವರ್ಷ ಯಾರೂ ಮುಟ್ಟಲಿಲ್ಲ. 2009ರ ಜುಲೈ 2ರಂದು ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತ ಎಂಬವರು ಶಿಮಾನೊ ಆಂಟಾರೆಸ್ ರೀಲಿನಿಂದ ಹಿಡಿದದ್ದು 22 ಪೌಂಡು 4.97 ಔನ್ಸು. ಒಂದು ಔನ್ಸಿಗೂ ಕಡಿಮೆ ಅಂತರ. ಎರಡು ಔನ್ಸಾದರೂ ಹೆಚ್ಚಿದ್ದರೆ ಮಾತ್ರ ಹಳೆಯ ದಾಖಲೆ ಅಳಿಯುತ್ತದೆಂಬ ನಿಯಮವಿರುವುದರಿಂದ ಇಬ್ಬರ ಹೆಸರನ್ನೂ ಸಮಾನವಾಗಿ ಬರೆಯಲಾಯಿತು.

ಇದನ್ನು ನೋಟುಪುಸ್ತಕದಲ್ಲಿ ಬರೆದು ಹುಡುಗನಿಗೆ ಓದಿ ಹೇಳಿದೆ. ಅವನು ಪೆರಿಯ ಮೀನನ್ನು ತಿಂದುಬಿಟ್ಟರಲ್ಲ ಎಂದು ಬಹಳ ನೊಂದುಕೊಂಡ. ಅನಂತರ ಮಗ ಯಾರೋ ಬಳಸಿ ಬಿಟ್ಟ, ಸ್ವೀಡನ್ ಬಗೆಯ ದುಂಡು ರೀಲೊಂದನ್ನು ಕಡಿಮೆ ಬೆಲೆಗೆ ತಂದ. ಹೊಸ ದಾರ ಸುತ್ತಿಸಿದೆವು. ಹಿತ್ತಲಲ್ಲಿ ಗಾಳದ ಬದಲು ರಬ್ಬರಿನ ತೂಕ ಕಟ್ಟಿ, ಹದಿನೈದು ಹೆಜ್ಜೆ ದೂರದ ಬಕೆಟ್ಟಿಗೆ ಎಸೆಯುವ ಅಭ್ಯಾಸ. ಅದಕ್ಕೆ ಪರವಾನಗಿ ಬೇಡವಾದ್ದರಿಂದ ನಾನೂ ಎಸೆದೆ. ಮೊದಲ ಎಸೆತಕ್ಕೇ ಹಕ್ಕಿಗೂಡು. ನನ್ನಾಕೆಯ ಕ್ರೋಷಾ ಕಡ್ಡಿ ಹಿಡಿದು ಮುಕ್ಕಾಲು ಗಂಟೆ ಸಿಕ್ಕು ಬಿಡಿಸಿದೆ. ಹುಡುಗನಿಗೆ ಮೂರು ವಾರದಲ್ಲಿ ಹೆಬ್ಬೆರಳು ಪಳಗಿತು. ನನ್ನದು ಸೀಮೆಸುಣ್ಣಕ್ಕೇ ಲಾಯಕ್ಕು ಎಂದು ಸಾಬೀತಾಯಿತು.

ನಾವು ಊರಿಗೆ ಮರಳಿದ ಮೇಲೆ ಅವನು ಮೂರು ಪೌಂಡಿನ ಒಂದು ಬಾಸ್ ಹಿಡಿದು ನೀರಿಗೆ ಮರಳಿ ಬಿಟ್ಟ ಚಿತ್ರ ಕಳಿಸಿದ್ದಾನೆ. ದೊಡ್ಡದು ಇನ್ನೂ ಸಿಕ್ಕಿಲ್ಲ. ಹೋದ ವಾರದ ಫೋನಿನಲ್ಲಿ ಬೇರೊಂದು ಚಿಂತೆ ಹೇಳಿಕೊಂಡ. ಎಣ್ಣೆ ಹಾಕಲೆಂದು ರೀಲನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದನಂತೆ. ಒಂದು ಸ್ಕ್ರೂ ಕೈಯಲ್ಲಿ ಉಳಿದಿದೆಯಂತೆ. "ಇದರ ಮೇಲೆ ನಂಬರೇ ಇಲ್ಲ ಅಜ್ಜ" ಎಂದ.