ಬೋಧಕನ ಕಿವಿ: ಸ್ಮೃತಿಧ್ಯಾನದ ಬೋಧನೆಯಲ್ಲಿ ಸಾಧಕನ ಮಾತಿಗಿರುವ ಸ್ಥಾನ

ಉಸಿರಿನ ಮೇಲೆ ಸ್ಮೃತಿ (ಎಚ್ಚರದ ಗಮನ) ನಿಲ್ಲಿಸುವ ಅಭ್ಯಾಸಕ್ಕೆ ಪಾಲಿ ಪರಂಪರೆಯ ಮುಖ್ಯ ಆಧಾರ ಮಜ್ಝಿಮನಿಕಾಯದ 118ನೆಯ ಸುತ್ತ (ಸೂತ್ರ) ‘ಆನಾಪಾನಸತಿ’. ವ್ಯಾಖ್ಯಾನಕಾರರ ಗಮನವೆಲ್ಲ ಅದರ ಹದಿನಾರು ಹಂತಗಳ ಮೇಲಿದೆ. ಸುತ್ತ ಶುರುವಾಗುವುದು ಮಾತ್ರ ಬೋಧನೆಯ ಚಿತ್ರದಿಂದ. ಶ್ರಾವಸ್ತಿಯ ಪೂರ್ವಾರಾಮದಲ್ಲಿ ಹಿರಿಯ ಭಿಕ್ಷುಗಳು ಹೊಸಬರಿಗೆ ಕಲಿಸುತ್ತಿದ್ದಾರೆ. ಒಬ್ಬರ ಬಳಿ ಹತ್ತು ಮಂದಿ, ಇನ್ನೊಬ್ಬರ ಬಳಿ ಇಪ್ಪತ್ತು, ಮೂವತ್ತು, ಹೆಚ್ಚೆಂದರೆ ನಲವತ್ತು. ಈ ಎಣಿಕೆಯನ್ನು ಸುಮ್ಮನೆ ದಾಟಿಹೋಗುವಂತಿಲ್ಲ. ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಮಾತಾಡಿಸಬಹುದಾದ ಗುಂಪು ಅದು. ಧ್ಯಾನ ಕಲಿಸುವುದರಲ್ಲಿ ಎರಡು ಕೆಲಸಗಳಿವೆ: ಸೂಚನೆ ಕೊಡುವುದು, ಸಾಧಕ ಬಂದು ಹೇಳಿಕೊಂಡದ್ದನ್ನು ಕೇಳಿ ಉತ್ತರಿಸುವುದು. ಕಳೆದ ನೂರು ವರ್ಷಗಳಲ್ಲಿ ಮೊದಲನೆಯದು ಅಪಾರವಾಗಿ ಬೆಳೆದಿದೆ, ಎರಡನೆಯದು ಅದರ ಹಿಂದೆಯೇ ಉಳಿದಿದೆ. ಈ ಲೇಖನದ ವಾದ ಇಷ್ಟೇ.

ಐದನೆಯ ಶತಮಾನದಲ್ಲಿ ಬುದ್ಧಘೋಷ ಸಿಂಹಳ ದ್ವೀಪದಲ್ಲಿ ರಚಿಸಿದ ‘ವಿಸುದ್ಧಿಮಗ್ಗ’ ಈ ಎರಡನೆಯ ಕೆಲಸವನ್ನೇ ಮುಂದಿಡುತ್ತದೆ. ನಲವತ್ತು ಕಮ್ಮಟ್ಠಾನಗಳಲ್ಲಿ (ಧ್ಯಾನವಿಷಯಗಳಲ್ಲಿ) ಯಾವುದು ಯಾರಿಗೆ ಎಂಬುದನ್ನು ಕಲ್ಯಾಣಮಿತ್ರ, ಎಂದರೆ ಬೋಧಕ, ನಿರ್ಧರಿಸಬೇಕು. ಅದಕ್ಕಾಗಿ ಶಿಷ್ಯನ ನಡಿಗೆ, ಊಟ, ಕೆಲಸದ ರೀತಿ ನೋಡಿ ಅವನು ರಾಗಚರಿತನೋ ದ್ವೇಷಚರಿತನೋ ಮೋಹಚರಿತನೋ ಎಂದು ಗುರುತಿಸಬೇಕು. ಇಂದಿನ ಮನೋವಿಜ್ಞಾನ ಈ ವರ್ಗೀಕರಣವನ್ನು ಒಪ್ಪಬೇಕಾಗಿಲ್ಲ. ಎದುರಿಗಿರುವವನನ್ನು ಅರಿಯದೆ ಅಭ್ಯಾಸ ಕೊಡಬಾರದೆಂಬ ಅದರ ಹಿಂದಿನ ಎಚ್ಚರ ನಮಗೆ ಇಂದಿಗೂ ಬೇಕು.

ವಿಹಾರದೊಳಗಿನ ಈ ವಿದ್ಯೆ ಗೃಹಸ್ಥರ ಕೈಗೆ ಬಂದದ್ದು ಬರ್ಮಾದಲ್ಲಿ, ವಸಾಹತು ಆಳ್ವಿಕೆಯ ಕಾಲಕ್ಕೆ. ಲೆಡಿ ಸಯಾಡೊ (1846–1923) ಅದನ್ನು ಜನಸಾಮಾನ್ಯರಿಗೆ ತೆರೆದರು. ಮಹಾಸಿ ಸಯಾಡೊ (1904–1982) 1949ರಿಂದ ರಂಗೂನಿನ ಕೇಂದ್ರದಲ್ಲಿ ಹೊಟ್ಟೆಯ ಏರಿಳಿತವನ್ನು ಗುರುತಿಸುವ ಪದ್ಧತಿಯನ್ನು ಕಲಿಸಿದರು. ಆ ಪದ್ಧತಿಯ ಜೀವಾಳ ಸಂದರ್ಶನ. ಏನನ್ನು ಗುರುತಿಸಿದೆ, ಹೇಗೆ ಗುರುತಿಸಿದೆ, ಗುರುತಿಸಿದಾಗ ಅದಕ್ಕೆ ಏನಾಯಿತು ಎಂಬುದನ್ನು ಸಾಧಕ ಅಲಂಕಾರವಿಲ್ಲದೆ ಒಪ್ಪಿಸಬೇಕು. ಬೋಧಕ ಅದರಿಂದಲೇ ಮುಂದಿನ ಹೆಜ್ಜೆ ತೋರಿಸಬೇಕು.

ಇನ್ನೊಂದು ಧಾರೆಯ ಕಥೆ ಬೇರೆ. ಸ್ವತಂತ್ರ ಬರ್ಮಾದ ಅಕೌಂಟೆಂಟ್ ಜನರಲ್ ಆಗಿದ್ದ ಧ್ಯಾನಬೋಧಕ ಊ ಬಾ ಖಿನ್ (1899–1971) ಅವರ ಶಿಷ್ಯ ಎಸ್.ಎನ್. ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದರು. ಮುಂಬೈಯ ಮೊದಲ ಶಿಬಿರದಲ್ಲಿ ಅವರ ತಂದೆತಾಯಿ ಸೇರಿದಂತೆ ಒಂದು ಚಿಕ್ಕ ಗುಂಪಿತ್ತು. 1994ರಲ್ಲಿ ತಿಹಾರ್ ಜೈಲಿನ ಒಂದೇ ಶಿಬಿರದಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು ಕೂತರು. ಈ ವಿಸ್ತಾರವನ್ನು ಸಾಧ್ಯವಾಗಿಸಿದ್ದು ಧ್ವನಿಮುದ್ರಣ ಮತ್ತು 1980ರ ದಶಕದ ಆರಂಭದಲ್ಲಿ ರೂಪುಗೊಂಡ ಸಹಾಯಕ ಆಚಾರ್ಯರ ವ್ಯವಸ್ಥೆ. ಹತ್ತು ದಿನಗಳ ಶಿಬಿರದಲ್ಲಿ ಮೊದಲ ಮೂರು ದಿನ ಆನಾಪಾನ, ನಾಲ್ಕನೆಯ ದಿನದಿಂದ ವಿಪಶ್ಯನ (ಮೈಯ ಸಂವೇದನೆಗಳ ವೀಕ್ಷಣೆ); ಸೂಚನೆಯೂ ಸಂಜೆಯ ಪ್ರವಚನವೂ ಮುದ್ರಿತ ದನಿಯಲ್ಲೇ. ಬೆಂಗಳೂರಿನ ಹೊರವಲಯದ ಧಮ್ಮ ಪಫುಲ್ಲ ಕೇಂದ್ರದಲ್ಲೂ ಕ್ರಮ ಇದೇ. ಇದರ ಲಾಭವನ್ನು ಕಡೆಗಣಿಸಲಾಗದು. ಬೋಧಕನ ವೈಯಕ್ತಿಕ ಹುಚ್ಚಾಟಕ್ಕೆ ಇಲ್ಲಿ ಜಾಗವಿಲ್ಲ, ಬೋಧನೆಗೆ ಶುಲ್ಕವಿಲ್ಲ, ಹೊಸ ಗುರುಪೀಠಗಳು ಹುಟ್ಟಿಕೊಳ್ಳುವುದಿಲ್ಲ. ಆದರೆ ಸೂಚನೆಯ ಭಾರವೆಲ್ಲ ಮುದ್ರಿಕೆಗೆ ಹೋದ ಮೇಲೆ ಸಹಾಯಕ ಆಚಾರ್ಯರಿಗೆ ಉಳಿಯುವುದು ಮಧ್ಯಾಹ್ನದ ಕೆಲವು ನಿಮಿಷಗಳ ಭೇಟಿ, ರಾತ್ರಿಯ ಪ್ರಶ್ನೆಗಳು. ಇಡೀ ಶಿಬಿರದಲ್ಲಿ ಧ್ವನಿಮುದ್ರಿಕೆಗೆ ಆಗದ ಕೆಲಸ ಅದೊಂದೇ. ಆಚಾರ್ಯರ ತರಬೇತಿಯಲ್ಲಿ ಅದಕ್ಕೇ ಅಗ್ರಸ್ಥಾನ ಸಲ್ಲಬೇಕೆಂದು ನನ್ನ ದೃಢವಾದ ಅಭಿಪ್ರಾಯ.

ಕೇಳುವ ಈ ಕೆಲಸಕ್ಕೆ ಆಸ್ಪತ್ರೆಯ ವಲಯದಲ್ಲಿ ಬೇರೆಯೇ ಸ್ಥಾನ ಸಿಕ್ಕಿತು. ಜಾನ್ ಕಬಾಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ದೀರ್ಘಕಾಲದ ನೋವಿನ ರೋಗಿಗಳಿಗೆ ಮೈಂಡ್‌ಫುಲ್‌ನೆಸ್ (ಸ್ಮೃತಿಧ್ಯಾನ) ಕಲಿಸತೊಡಗಿದರು. ಅಲ್ಲಿ ಬೆಳೆದ ಎಂಟು ವಾರಗಳ ಕ್ರಮದಲ್ಲಿ ಪ್ರತಿ ಅಭ್ಯಾಸದ ಬಳಿಕ ಗುಂಪಿನ ನಡುವೆ ಮಾತುಕತೆ ನಡೆಯುತ್ತದೆ. ಬೋಧಕ ಉಪದೇಶಿಸುವುದಿಲ್ಲ, ಅನುಭವ ದೇಹದಲ್ಲಿ ಎಲ್ಲಿತ್ತು, ಆಮೇಲೆ ಏನು ಬದಲಾಯಿತು ಎಂದು ಕೇಳುತ್ತಾನೆ. ಬ್ಯಾಂಗರ್, ಎಕ್ಸೆಟರ್, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಗಳು ಕೂಡಿ ರೂಪಿಸಿದ ಬೋಧಕರ ಮೌಲ್ಯಮಾಪನದ ಆರು ಕ್ಷೇತ್ರಗಳಲ್ಲಿ ಈ ವಿಚಾರಣೆಯೂ ಸಾಧಕರೊಡನೆ ಸಂಬಂಧ ಬೆಳೆಸುವ ಕೌಶಲವೂ ಬೇರೆಬೇರೆಯಾಗಿಯೇ ಸೇರಿವೆ. ಅಭ್ಯಾಸ ನಡೆಸಿಕೊಡುವುದು ಆರರಲ್ಲಿ ಒಂದು ಮಾತ್ರ.

ಕೇಳಿಸಿಕೊಳ್ಳುವವರು ಇಲ್ಲದಿದ್ದಾಗ ಏನಾಗಬಹುದು? ಜೇರೆಡ್ ಲಿಂಡಾಲ್, ವಿಲೋಬಿ ಬ್ರಿಟನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಭಯ, ನಿದ್ರಾಹೀನತೆ, ತಾನೆಂಬ ಭಾವದ ಕುಸಿತ ಮೊದಲಾಗಿ ಧ್ಯಾನಿಗಳು ಹೇಳಿಕೊಂಡ 59 ಬಗೆಯ ಅನುಭವಗಳನ್ನು ದಾಖಲಿಸಿತು. ಹೇಳಿಕೊಂಡವರಲ್ಲಿ ಅನೇಕರು ಸ್ವತಃ ಧ್ಯಾನ ಕಲಿಸುವವರು. ಅಂದರೆ ಇದನ್ನು ಹೊಸಬರ ತಪ್ಪು ಅಭ್ಯಾಸವೆಂದು ತಳ್ಳಿಹಾಕಲು ಬರುವುದಿಲ್ಲ. ‘ಸುಮ್ಮನೆ ನೋಡುತ್ತಿರು’ ಎಂಬ ಸೂಚನೆ ಒಬ್ಬನಿಗೆ ಔಷಧಿ. ಹಳೆಯ ಆಘಾತ ಮರುಕಳಿಸುತ್ತಿರುವವನಿಗೆ ಕಣ್ಣು ತೆರೆ, ಎದ್ದು ನಡೆ ಎಂದು ಹೇಳುವ ವ್ಯಕ್ತಿ ಬೇಕು.

ಬ್ರಿಟನ್ ದೇಶದ ಶಾಲೆಗಳಲ್ಲಿ ನಡೆದ ಮಿರಿಯಡ್ ಪ್ರಯೋಗದ ಫಲಿತಾಂಶವನ್ನೂ (2022) ಈ ಹಿನ್ನೆಲೆಯಲ್ಲಿ ಓದಬೇಕು. ಎಂಬತ್ತಕ್ಕೂ ಹೆಚ್ಚು ಶಾಲೆಗಳ, ಎಂಟು ಸಾವಿರಕ್ಕೂ ಹೆಚ್ಚು ಹದಿಹರೆಯದ ಮಕ್ಕಳಲ್ಲಿ ಒಂದು ಗುಂಪಿಗೆ ತರಬೇತಿ ಪಡೆದ ಶಾಲಾ ಶಿಕ್ಷಕರಿಂದಲೇ ಮೈಂಡ್‌ಫುಲ್‌ನೆಸ್ ಪಾಠ ಮಾಡಿಸಲಾಯಿತು. ಎಂದಿನ ಸಾಮಾಜಿಕ-ಭಾವನಾತ್ಮಕ ಪಾಠಗಳಿಗಿಂತ ಅದು ಮೇಲೆಂದು ಕಂಡುಬರಲಿಲ್ಲ. ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡಿದ್ದೂ ಕಡಿಮೆ. ಧ್ಯಾನವೇ ವ್ಯರ್ಥವೆಂದು ಇದರಿಂದ ಸಿದ್ಧವಾಗುವುದಿಲ್ಲ. ಮಕ್ಕಳು ಕೇಳಿ ಬಂದದ್ದಲ್ಲ ಅದು, ವೇಳಾಪಟ್ಟಿಯಲ್ಲಿ ಬಂದ ಪಾಠ. ಇಡೀ ತರಗತಿಯನ್ನು ಎದುರಿಟ್ಟುಕೊಂಡ ಶಿಕ್ಷಕರಿಗೆ ಒಂದೊಂದು ಮಗುವಿನ ಅನುಭವವನ್ನು ವಿಚಾರಿಸಲು ಎಷ್ಟು ಬಿಡುವಿರುತ್ತದೆ ಎಂಬುದನ್ನೂ ಯೋಚಿಸಬೇಕು.

ಕನ್ನಡದಲ್ಲಿ ಕಲಿಸುವವರಿಗೆ ಇಲ್ಲಿ ವಿಶೇಷವಾದ ಹೊಣೆಯಿದೆ. ಸೂಚನೆಗಳನ್ನು ಸಂಸ್ಕೃತಭೂಯಿಷ್ಠ ಗದ್ಯದಲ್ಲಿ ಒದಗಿಸಬಹುದು. ಸಾಧಕ ಮರಳಿ ಹೇಳುವುದು ಮನೆಮಾತಿನಲ್ಲಿ: ಎದೆ ಭಾರ, ಮೈ ಜುಮ್ಮೆನ್ನುತ್ತದೆ, ತಲೆ ಧಿಮ್ಮೆನ್ನುತ್ತದೆ, ಹೊಟ್ಟೆಯಲ್ಲಿ ಸಂಕಟ. ‘ಎದೆ ಭಾರ’ ಎಂದವರನ್ನು ಕಾಡುತ್ತಿರುವುದು ದುಃಖವಿರಬಹುದು, ಉಸಿರನ್ನು ಬಲವಂತವಾಗಿ ಬಿಗಿಹಿಡಿದದ್ದಿರಬಹುದು, ಹೃದ್ರೋಗವೂ ಇರಬಹುದು. ಇನ್ನೆರಡು ಪ್ರಶ್ನೆ ಕೇಳದೆ ‘ಅನಿತ್ಯವೆಂದು ನೋಡಿ’ ಎನ್ನುವುದು ಅಪಾಯ. ಆದ್ದರಿಂದ ಬೋಧಕರ ತರಬೇತಿಯ ಅರ್ಧದಷ್ಟು ಅವಧಿಯಾದರೂ ಇಂಥ ಮಾತುಗಳನ್ನು ಕೇಳುವುದಕ್ಕೆ ಮೀಸಲಾಗಬೇಕು. ಅನುಭವಿ ಬೋಧಕರೊಬ್ಬರು ಪಕ್ಕದಲ್ಲಿ ಕೂತು, ಕಲಿಯುತ್ತಿರುವವರು ಕೊಟ್ಟ ಉತ್ತರವನ್ನು ಆ ದಿನವೇ ಅವರೊಂದಿಗೆ ಪರಾಮರ್ಶಿಸಬೇಕು. ವೈದ್ಯರ ಬಳಿಗೆ ಯಾರನ್ನು, ಯಾವಾಗ ಕಳಿಸಬೇಕೆಂಬುದೂ ಅದೇ ಪಾಠದಲ್ಲಿ ಸೇರಬೇಕು.