ನಾಲ್ಕು ಮಕ್ಕಳು, ಒಂದು ಹಡಗು, ಒಂದು ಅನುಮಾನ

ನದಿ ಮೂಲ, ಋಷಿ ಮೂಲ ಹುಡುಕಬಾರದು ಅಂತಾರೆ ನಮ್ಮಲ್ಲಿ. ಅಮೆರಿಕದವರು ಮಾತ್ರ ಮೂಲ ಹುಡುಕೋದನ್ನ ಬಿಡೋದೇ ಇಲ್ಲ. ‘ನಮ್ಮದು ಮೇಫ್ಲವರ್ ವಂಶ’ ಅನ್ನೋದು ಅಲ್ಲಿ ದೊಡ್ಡ ಪ್ರತಿಷ್ಠೆ. 1620ರಲ್ಲಿ ಇಂಗ್ಲೆಂಡಿನಿಂದ ಹೊರಟು ಅಮೆರಿಕದ ಪ್ಲಿಮತ್‌ನಲ್ಲಿ ವಸಾಹತು ಕಟ್ಟಿದ 102 ಪ್ರಯಾಣಿಕರ ಹಡಗು ಅದು. ಅವರ ವಂಶಸ್ಥರದ್ದೇ ಒಂದು ಸಂಘವಿದೆ, 1897ರಿಂದ. ಬಾಯಿ ಮಾತಿಗೆ ಅಲ್ಲಿ ಸದಸ್ಯತ್ವ ಸಿಗಲ್ಲ. ಒಂದೊಂದು ತಲೆಮಾರಿಗೂ ದಾಖಲೆ ತೋರಿಸಬೇಕು.

ಆ ಹಡಗಿನಲ್ಲಿ ನಾಲ್ಕು ಮಕ್ಕಳಿದ್ದರು. ಎಲೆನ್, ಜಾಸ್ಪರ್, ರಿಚರ್ಡ್, ಮೇರಿ. ಮನೆತನದ ಹೆಸರು ಮೋರ್. ವಯಸ್ಸು ನಾಲ್ಕರಿಂದ ಎಂಟು. ಜೊತೆಗೆ ಅಪ್ಪ ಇಲ್ಲ, ಅಮ್ಮ ಇಲ್ಲ. ಮೂರು ಮನೆಯವರ ಕೈಗೆ ಹಂಚಿಹೋಗಿದ್ದರು. ಮೊದಲ ಚಳಿಗಾಲದಲ್ಲೇ ಪ್ರಯಾಣಿಕರಲ್ಲಿ ಸುಮಾರು ಅರ್ಧದಷ್ಟು ಜನ ಸತ್ತರು. ಈ ನಾಲ್ವರಲ್ಲಿ ಉಳಿದವನು ರಿಚರ್ಡ್ ಒಬ್ಬನೇ.

ಯಾರಿವರು? ಅದೇ ಹಡಗಿನಲ್ಲಿ ಬಂದು ಗವರ್ನರ್ ಆದ ವಿಲಿಯಂ ಬ್ರಾಡ್‌ಫರ್ಡ್, ಸುಮಾರು 30 ವರ್ಷದ ನಂತರ ಪ್ರಯಾಣಿಕರ ಪಟ್ಟಿ ಬರೆದರು. ಅದರಲ್ಲಿ ರಿಚರ್ಡ್ ಜೊತೆಗಿದ್ದ ತಂಗಿ ಮೇರಿಯನ್ನ ‘ಸಹೋದರ’ ಅಂತ ಬರೆದುಬಿಟ್ಟರು! ಕಣ್ಣಾರೆ ಕಂಡವರ ಕಥೆಯೇ ಹೀಗಾದರೆ ಉಳಿದವರದ್ದೇನು ಹೇಳೋಣ? ಲಂಡನ್ನಿನ ಬೀದಿಯಲ್ಲಿ ಸಿಕ್ಕ ಅನಾಥರಿರಬೇಕು ಅಂತ ಊಹಿಸಿದವರೂ ಇದ್ದರು.

ಉತ್ತರ ಸಿಕ್ಕಿದ್ದು 20ನೇ ಶತಮಾನದಲ್ಲಿ. ಇಂಗ್ಲೆಂಡಿನ ಶ್ರಾಪ್‌ಶೈರ್‌ನ ಶಿಪ್ಟನ್ ಚರ್ಚಿನ ರಿಜಿಸ್ಟರಿನಲ್ಲಿ ಈ ಮಕ್ಕಳ ದೀಕ್ಷಾಸ್ನಾನದ ದಾಖಲೆ ಇತ್ತು. ಅಪ್ಪ ಸ್ಯಾಮ್ಯುಯೆಲ್ ಮೋರ್, ಅಮ್ಮ ಕ್ಯಾಥರೀನ್. ಅನುಕೂಲಸ್ಥ ಜಮೀನುದಾರರ ಮನೆ! ಹಾಗಾದ್ರೆ ಮಕ್ಕಳು ಹಡಗು ಹತ್ತಿದ್ದು ಯಾಕೆ? ಅದನ್ನ ಬಿಚ್ಚಿಟ್ಟಿದ್ದು ಮೋರ್ ಮನೆತನದವರಲ್ಲೇ ಉಳಿದಿದ್ದ 1622ರ ಒಂದು ಹಳೇ ಕಾಗದ. ವಂಶಾವಳಿ ತಜ್ಞ ಆಂಥೊನಿ ವ್ಯಾಗ್ನರ್ ಅದನ್ನ ಅಧ್ಯಯನ ಮಾಡಿ ಜಗತ್ತಿನ ಮುಂದಿಟ್ಟರು.

1611ರಲ್ಲಿ ಮದುವೆ ಆದಾಗ ಸ್ಯಾಮ್ಯುಯೆಲ್‌ ಇನ್ನೂ ಹದಿಹರೆಯದ ಹುಡುಗ, ಕ್ಯಾಥರೀನ್ ಅವನಿಗಿಂತ ಎಷ್ಟೋ ದೊಡ್ಡವಳು. ಮುಂದೆ ಅವನಿಗೆ ಅನುಮಾನ ಬಂತು: ಮಕ್ಕಳು ನನ್ನವಲ್ಲ, ಜೇಕಬ್ ಬ್ಲೇಕ್‌ವೇ ಅನ್ನುವವನದ್ದು. ಸಾಕ್ಷಿ? ಮುಖದ ಹೋಲಿಕೆ! ಡಿಎನ್‌ಎ ಟೆಸ್ಟ್ ಇಲ್ಲದ ಕಾಲ. ತಾಯಿಯಿಂದ ಮಕ್ಕಳನ್ನ ಕಿತ್ತುಕೊಂಡ, ಕೊನೆಗೆ ದುಡ್ಡು ಕೊಟ್ಟು ಸಮುದ್ರ ದಾಟಿಸಿದ.

ನನ್ನ ಮಕ್ಕಳೆಲ್ಲಿ ಅಂತ ಆಕೆ ಕೋರ್ಟ್ ಮೆಟ್ಟಿಲೇರಿದಳು. ಅದಕ್ಕೆ ಗಂಡ ಕೊಟ್ಟ ಉತ್ತರವೇ ಈ 1622ರ ಕಾಗದ. ಅಷ್ಟೊತ್ತಿಗಾಗಲೇ ಮೂರು ಮಕ್ಕಳು ಮಣ್ಣಾಗಿದ್ದವು.

ಸುದ್ದಿಮನೆಯಲ್ಲಿ ನಾವು ಮೊದಲು ಕಲಿಯೋ ಪಾಠ, ಎರಡೂ ಕಡೆಯವರ ಮಾತು ಕೇಳು ಅನ್ನೋದು. ಇಲ್ಲಿ ಕಾಗದ ಇರೋದು ಗಂಡನದ್ದು. ಹೆಂಡತಿಯ ಮಾತೂ ನಮಗೆ ಸಿಗೋದು ಅವನ ಕಾಗದದೊಳಗೇ. ಚರ್ಚಿನ ರಿಜಿಸ್ಟರು ಇವನೇ ಅಪ್ಪ ಅನ್ನುತ್ತೆ, ಆ ಅಪ್ಪನೇ ಅಲ್ಲ ಅಂತಾನೆ. ಯಾವುದನ್ನ ನಂಬ್ತೀರಿ?

ಬದುಕುಳಿದ ರಿಚರ್ಡ್ ಹಡಗಿನ ಕ್ಯಾಪ್ಟನ್ ಆದ. ಸೇಲಂನಲ್ಲಿ ಅವನ ಸಮಾಧಿ ಕಲ್ಲು ಇವತ್ತಿಗೂ ಇದೆ. ಅವನ ವಂಶದವರು ಇಂದು ಹೆಮ್ಮೆಯಿಂದ ವಂಶವೃಕ್ಷ ಬಿಡಿಸುತ್ತಾರೆ. ಅದರ ಒಂದು ಕೊಂಬೆ ಇಂಗ್ಲೆಂಡಿನ ರಾಜಮನೆತನದವರೆಗೂ ಹೋಗುತ್ತೆ. ಯಾರ ಕಡೆಯಿಂದ ಗೊತ್ತಾ? ಅಮ್ಮನ ಕಡೆಯಿಂದ!

ಅಪ್ಪನ ಜಾಗದಲ್ಲಿ 400 ವರ್ಷವಾದರೂ ಪ್ರಶ್ನೆ ಚಿಹ್ನೆ ಹೋಗಿಲ್ಲ. ಆ ಮರದಲ್ಲಿ ಯಾರೂ ಅಲ್ಲಾಡಿಸಲಾಗದ ಹೆಸರು ಕ್ಯಾಥರೀನ್. ಅವತ್ತು ಯಾರೂ ಮಕ್ಕಳನ್ನ ಅವಳ ಮಡಿಲಿಗೆ ಹಾಕಲಿಲ್ಲ. ಇವತ್ತು ಅದೇ ಮಕ್ಕಳ ಗುರುತಿಗೆ ಅವಳೇ ಆಧಾರ.